ಮೂರಡಿ ಪೆಟ್ಟಿಗೆ, ಹಸಿರು ಕನ್ನಡಕ: ಗುಲಾಮಗಿರಿಯಿಂದ ಪಾರಾದವರ ಕತೆಯನ್ನು ಮಕ್ಕಳಿಗೆ ಹೇಳುವ ಬಗೆ

ಕತೆ ಶುರು ಮಾಡುವ ಮೊದಲು ನೆಲದ ಮೇಲೆ ಚಾಕ್‌ಪೀಸಿನಿಂದ ಮೂರಡಿ ಉದ್ದ, ಎರಡಡಿ ಅಗಲದ ಒಂದು ಚೌಕಟ್ಟು ಬರೆಯಿರಿ. ಇಬ್ಬರು ಮಕ್ಕಳು ಆಚೆ ಈಚೆ ನಿಂತು ಒಂದು ಹಗ್ಗವನ್ನು ನೆಲದಿಂದ 32 ಇಂಚು ಮೇಲೆ ಬಿಗಿಯಾಗಿ ಹಿಡಿಯಲಿ. ಆಮೇಲೆ ಅದರೊಳಗೆ ನೀವು ಕೂರಿ. ಮಕ್ಕಳನ್ನು ಕೂರಿಸಬೇಡಿ. ಐದನೇ ತರಗತಿಯ ಹುಡುಗ ಅಲ್ಲಿ ಆರಾಮಾಗಿ ಕೂತು ‘ಇಷ್ಟ ಏನ್ರೀ ಸರ?’ ಅಂತಾನೆ, ಕತೆ ಅಲ್ಲಿಗೇ ಕೆಟ್ಟಿತು. ದೊಡ್ಡವರು ಕೂತರೆ ಹಗ್ಗ ನೆತ್ತಿಗೆ ತಾಗುತ್ತದೆ, ಕತ್ತು ಬಗ್ಗುತ್ತದೆ, ಮೊಣಕಾಲು ಎದೆಗೆ ಬರುತ್ತದೆ. ಹಾಗೆ ಕೂತುಕೊಂಡೇ ಮೊದಲ ಮಾತು ಹೇಳಿ: ‘ಇಂಥ ಪೆಟ್ಟಿಗೆಯೊಳಗೆ ಒಬ್ಬ ಮನುಷ್ಯ 27 ತಾಸು ಕೂತಿದ್ದ.’

ಆ ಮನುಷ್ಯ ಹೆನ್ರಿ ಬ್ರೌನ್. ಅಮೆರಿಕದ ವರ್ಜೀನಿಯಾದ ರಿಚ್ಮಂಡ್ ಊರಿನ ತಂಬಾಕು ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. 1848ರಲ್ಲಿ ಅವನ ಹೆಂಡತಿ ಮಕ್ಕಳನ್ನು ಬೇರೆ ರಾಜ್ಯಕ್ಕೆ ಮಾರಿಬಿಟ್ಟರು. 1849ರ ಮಾರ್ಚಿನಲ್ಲಿ ಅವನು ತನ್ನನ್ನೇ ಪೆಟ್ಟಿಗೆಯಲ್ಲಿ ತುಂಬಿಸಿಕೊಂಡು, ಮೇಲೆ ‘ಬಟ್ಟೆ ಸಾಮಾನು’ ಅಂತ ಬರೆಸಿ, ಪಾರ್ಸೆಲ್ ಆಗಿ ಫಿಲಡೆಲ್ಫಿಯಾಕ್ಕೆ ಹೋದ. ಅಲ್ಲಿ ಗುಲಾಮಗಿರಿಗೆ ಕಾನೂನಿನ ಬಲ ಇರಲಿಲ್ಲ.

ಈ ಮಾರ್ಗದರ್ಶಿ ನಾಲ್ಕರಿಂದ ಏಳನೇ ತರಗತಿವರೆಗಿನ ಮಕ್ಕಳಿಗೆ ಕತೆ ಹೇಳುವವರಿಗೆ: ಶಾಲೆಯ ಮೇಷ್ಟ್ರು, ಟೀಚರು, ಪಂಚಾಯಿತಿ ಅರಿವು ಕೇಂದ್ರದ ಮೇಲ್ವಿಚಾರಕರು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಸಿಗುವ ಸಾಮಾನಿನಲ್ಲೇ ಎಲ್ಲ ಆಗುತ್ತದೆ. ಹಿಡಿಯಬೇಕಾದ ಎಳೆ ಒಂದೇ. ಈ ಕತೆಗಳಲ್ಲಿ ಬಾಗಿಲು ತೆರೆಯುವುದು ಕೈಕೆಲಸ. ಬಡಗಿಯ ಅಳತೆ, ದರ್ಜಿಯ ಹೊಲಿಗೆ, ಹಡಗು ನಡೆಸುವವನ ಸೀಟಿ. ಹೊಡೆತ ಬಡಿತವನ್ನೇ ಅರ್ಧ ಗಂಟೆ ಹೇಳಿ, ಪಾರಾದದ್ದನ್ನು ಎರಡು ಸಾಲಿನಲ್ಲಿ ಮುಗಿಸಿದರೆ ಮಕ್ಕಳ ತಲೆಯಲ್ಲಿ ಉಳಿಯುವುದು ಚಾಟಿ ಮಾತ್ರ.

ಮೊದಲು ಮಾತು ಸರಿಮಾಡಿಕೊಳ್ಳಿ

‘ಗುಲಾಮ’ ಅಂದರೆ ನಮ್ಮ ಮಕ್ಕಳಿಗೆ ಇಸ್ಪೀಟಿನ ಎಲೆ ನೆನಪಾಗುತ್ತದೆ, ಇಲ್ಲವೇ ಬೈಗುಳ. ‘ಜೀತ’ ಅಂದರೆ ಬೇಗ ತಿಳಿಯುತ್ತದೆ, ಆದರೆ ಎರಡೂ ಒಂದೇ ಅಲ್ಲ. ಜೀತದಲ್ಲಿ ಸಾಲ ಅಥವಾ ಮುಂಗಡ ಮನುಷ್ಯನನ್ನು ಕಟ್ಟಿಹಾಕುತ್ತದೆ. ಅಮೆರಿಕದ ಗುಲಾಮಗಿರಿಯಲ್ಲಿ ಕಾನೂನೇ ಮನುಷ್ಯನನ್ನು ಆಸ್ತಿ ಅಂತ ಬರೆದುಕೊಂಡಿತ್ತು. ತಾಯಿ ಗುಲಾಮಳಾದರೆ ಹುಟ್ಟಿದ ಕೂಸೂ ಯಜಮಾನನ ಆಸ್ತಿ. ತೀರಿಸಬೇಕಾದ ಸಾಲವೇ ಇಲ್ಲ, ಆದ್ದರಿಂದ ತೀರುವ ದಿನವೂ ಇಲ್ಲ. ಇಷ್ಟನ್ನು ಮೂರು ನಿಮಿಷದಲ್ಲಿ ಹೇಳಿ. ‘ಅವನು ಗುಲಾಮನಾಗಿದ್ದ’ ಅನ್ನುವುದಕ್ಕಿಂತ ‘ಅವನನ್ನು ಗುಲಾಮನಾಗಿ ಇಟ್ಟುಕೊಂಡಿದ್ದರು’ ಅನ್ನಿ. ಇಟ್ಟುಕೊಂಡವರು ಯಾರು ಅನ್ನುವ ಪ್ರಶ್ನೆ ಮಕ್ಕಳಿಂದ ತಾನಾಗಿ ಬರುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ಯಜಮಾನ-ಗುಲಾಮ ಆಟ ಆಡಿಸಬೇಡಿ, ಮಕ್ಕಳ ಮುಖಕ್ಕೆ ಮಸಿ ಬಳಿಯಬೇಡಿ. ಯಾವ ಮಗುವಿಗೆ ಯಾವ ಪಾತ್ರ ಹೋಗುತ್ತದೆ ಅನ್ನುವುದು ಊರಿನ ಕೇರಿಗಳ ಲೆಕ್ಕದಲ್ಲೇ ತೀರ್ಮಾನವಾಗಿಬಿಡುತ್ತದೆ, ಆ ಹೆಸರು ವರ್ಷಗಟ್ಟಲೆ ಅಂಟಿಕೊಳ್ಳುತ್ತದೆ. ಪಾತ್ರ ಬೇಕೇಬೇಕು ಅಂದರೆ ಗೊಂಬೆಗೆ ಕೊಡಿ.

ಪೆಟ್ಟಿಗೆಯ ಕತೆ: ಕಾಲು ಅಳತೆಯ ಮಾದರಿ

ಹೆನ್ರಿ ಬ್ರೌನನ ಪೆಟ್ಟಿಗೆ 3 ಅಡಿ ಉದ್ದ, 2 ಅಡಿ ಅಗಲ, 2 ಅಡಿ 8 ಇಂಚು ಆಳ. ನಾಲ್ಕರಲ್ಲಿ ಭಾಗಿಸಿದರೆ 9, 6, 8 ಇಂಚು. ಲೆಕ್ಕ ಇಷ್ಟು ಚೊಕ್ಕ ಬರುವುದು ಅಪರೂಪ, ಬಿಡಬೇಡಿ. ಭಾಗಾಕಾರವನ್ನು ಮಕ್ಕಳೇ ಹಲಗೆಯ ಮೇಲೆ ಮಾಡಲಿ. ಅವನ ಎತ್ತರ ಸುಮಾರು 5 ಅಡಿ 8 ಇಂಚು. ಕಾಲು ಅಳತೆಗೆ ಇಳಿಸಿದರೆ 17 ಇಂಚು. ಹಳೇ ಬಟ್ಟೆಯ ತುಂಡು ತುಂಬಿ 17 ಇಂಚಿನ ಗೊಂಬೆ ಹೊಲಿಯಿರಿ. ಸೊಂಟ, ಮೊಣಕಾಲು, ಕುತ್ತಿಗೆ ಬರುವ ಕಡೆ ತುಂಬದೆ ಅಡ್ಡ ಹೊಲಿಗೆ ಹಾಕಿದರೆ ಅಲ್ಲಲ್ಲಿ ಮಡಚುತ್ತದೆ. ತಲೆಯಿಂದ ಕಾಲಿನವರೆಗೆ ಗಟ್ಟಿ ತುಂಬಿದ ಗೊಂಬೆ ಮಡಚುವುದಿಲ್ಲ, ಪೆಟ್ಟಿಗೆ ಹರಿಯುತ್ತದೆ.

ಪೆಟ್ಟಿಗೆಗೆ ಕಿರಾಣಿ ಅಂಗಡಿಯ ರಟ್ಟು ಸಾಕು. ಕತ್ತರಿಸಬೇಕಾದ ತುಂಡು ಆರು: 9×8 ಎರಡು, 6×8 ಎರಡು, 9×6 ಎರಡು. ಕೊನೆಯ ಎರಡರಲ್ಲಿ ಒಂದು ತಳ, ಒಂದು ಮುಚ್ಚಳ. ಗೋಡೆಗಳನ್ನು ತಳದ ಮೇಲೆ ನಿಲ್ಲಿಸಬೇಡಿ, ತಳದ ಅಂಚಿಗೆ ಹೊರಗಿನಿಂದ ತಾಗಿಸಿ. ಮೇಲೆ ನಿಲ್ಲಿಸಿದರೆ ರಟ್ಟಿನ ದಪ್ಪದಷ್ಟು ಒಳಗಿನ ಜಾಗ ಹೋಗುತ್ತದೆ, ಗೊಂಬೆ ಕೂರುವುದಿಲ್ಲ. ಮೂಲೆಗಳಿಗೆ ಎರಡು ಇಂಚು ಅಗಲದ ಪೇಪರ್ ಪಟ್ಟಿಯನ್ನು ಒಳಗೂ ಹೊರಗೂ ಅಂಟಿಸಿ.

ಅಂಟಿಗೆ ಫೆವಿಕಾಲ್ ಬೇಕೇಬೇಕು ಅಂತಿಲ್ಲ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಗೊಂಬೆ ಮಾಡುವವರು ಬಳಸುತ್ತ ಬಂದದ್ದು ಹುಣಸೆ ಬೀಜದ ಅಂಟು. ಬೀಜವನ್ನು ಸಿಪ್ಪೆ ಬಿರಿಯುವವರೆಗೆ ಹುರಿದು, ಕುಟ್ಟಿ ಸಿಪ್ಪೆ ತೆಗೆದು, ಬಿಳಿ ಬೇಳೆಯನ್ನು ರಾತ್ರಿಯಿಡೀ ನೆನೆಸಿ, ನುಣ್ಣಗೆ ರುಬ್ಬಿ. ಒಂದು ಲೋಟ ಹಿಟ್ಟಿಗೆ ಎಂಟು ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತ ಅಂಬಲಿಯಷ್ಟು ಗಟ್ಟಿಯಾಗುವವರೆಗೆ ಕುದಿಸಿ. ಅರೆಹುರಿದ ಬೀಜದ ಸಿಪ್ಪೆ ಪೂರ್ತಿ ಬಿಡುವುದಿಲ್ಲ, ಅಂಟಿನಲ್ಲಿ ಕೆಂಪು ಚೂರು ಉಳಿದು ಗಂಟು ಕಟ್ಟುತ್ತದೆ. ಬಿಸಿನೀರಿಗೆ ಒಮ್ಮೆಲೇ ಸುರಿದರೂ ಗಂಟೇ. ತಣ್ಣೀರಲ್ಲಿ ಕಲಸಿಕೊಂಡು ಒಲೆಗೆ ಇಡಿ. ನಮ್ಮ ಬಿಸಿಲಿಗೆ ಎರಡನೇ ದಿನಕ್ಕೆ ಹುಳಿವಾಸನೆ ಬರುತ್ತದೆ, ಆದ್ದರಿಂದ ಅಂದಂದಿನದು ಅಂದೇ. ಒಣಗಿದ ಪೆಟ್ಟಿಗೆಯನ್ನು ಇಲಿಗೆ ಸಿಗುವ ಕಡೆ ಇಟ್ಟರೆ ಮರುದಿನ ಮೂಲೆ ಇರುವುದಿಲ್ಲ.

ಗಾಳಿಗೆ ತೂತು ಕೊರೆಯುವಾಗ ಕತೆಯ ಒಳ್ಳೆಯ ಘಟ್ಟ ಬರುತ್ತದೆ. ಹೆನ್ರಿ ಒಳಗೆ ಒಯ್ದದ್ದು ಮೂರೇ ಸಾಮಾನು: ಒಂದು ಚೀಲದಲ್ಲಿ ನೀರು, ಕೆಲವು ಬಿಸ್ಕತ್ತು, ಒಂದು ಗಿರ್ಮಿಟ್. ಗಿರ್ಮಿಟ್ ಅಂದ ಕೂಡಲೇ ಮಕ್ಕಳು ನಗುತ್ತಾರೆ, ಅವರಿಗೆ ಮಂಡಕ್ಕಿ ನೆನಪಾಗುತ್ತದೆ. ನಗಲಿ. ಆಮೇಲೆ ಊರ ಬಡಗಿಯಿಂದ ಎರವಲು ತಂದ ನಿಜವಾದ ಗಿರ್ಮಿಟ್ ತೋರಿಸಿ, ಒಂದು ಹಲಗೆ ತುಂಡಿನ ಮೇಲೆ ತಿರುಗಿಸಿ ತೂತು ಮಾಡಿ. ಉಸಿರು ಕಟ್ಟಿದರೆ ಇನ್ನೊಂದು ತೂತು ಕೊರೆದುಕೊಳ್ಳಲು ಅವನು ಅದನ್ನು ಇಟ್ಟುಕೊಂಡಿದ್ದ. ಬಡಗಿಯ ಆಯುಧವೇ ಅವನ ಉಸಿರು ಅನ್ನುವುದನ್ನು ಬಾಯಲ್ಲಿ ಹೇಳಬೇಕಾಗುವುದಿಲ್ಲ.

ಪೆಟ್ಟಿಗೆಯ ಮೇಲೆ ‘ಈ ಬದಿ ಮೇಲೆ ಇರಲಿ’ ಅಂತ ಮಕ್ಕಳಿಂದಲೇ ಬರೆಸಿ, ಗೊಂಬೆ ಕೂರಿಸಿ, ಮುಚ್ಚಳದ ಸುತ್ತ ಐದು ಪಟ್ಟಿ ಬಿಗಿಯಿರಿ. ಅಸಲಿ ಪೆಟ್ಟಿಗೆಗೂ ಮರದ ಪಟ್ಟಿ ಐದೇ ಇದ್ದವು. ಕೋಣೆಯ ಒಂದು ಗೋಡೆಗೆ ರಿಚ್ಮಂಡ್, ಎದುರಿನ ಗೋಡೆಗೆ ಫಿಲಡೆಲ್ಫಿಯಾ ಅಂತ ಬರೆದು, ಕೈಯಿಂದ ಕೈಗೆ ದಾಟಿಸಿ. ನಡುವೆ ಒಬ್ಬರು ಅದನ್ನು ತಲೆಕೆಳಗು ಮಾಡಲಿ. ಹಡಗಿನಲ್ಲಿ ನಿಜವಾಗಿ ಹಾಗೇ ಆಯಿತು. ಬರಹ ಇದ್ದರೂ ಯಾರೂ ನೋಡಲಿಲ್ಲ, ಅವನು ತಲೆಯ ಮೇಲೆ ನಿಂತಂತೆ ಉಳಿದ. ಕೊನೆಗೆ ಇಬ್ಬರು ಪ್ರಯಾಣಿಕರು ಕೂರಲು ಜಾಗ ಬೇಕು ಅಂತ ಪೆಟ್ಟಿಗೆ ಉರುಳಿಸಿದ್ದರಿಂದ ಬದುಕಿದ. ‘ಕೆಮ್ಮು ಬಂದಿದ್ರ?’ ಅಂತ ಒಂದು ಮಗುವಾದರೂ ಕೇಳುತ್ತದೆ. ಉತ್ತರ ಕೊಡಬೇಡಿ, ಪೆಟ್ಟಿಗೆ ಮುಂದಕ್ಕೆ ದಾಟಿಸಿ.

27 ತಾಸನ್ನು ಬಳ್ಳಾರಿ ಮಕ್ಕಳಿಗೆ ಹೇಳುವ ದಾರಿ: ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವ ಇಡೀ ರಾತ್ರಿ ಮುದುಡಿ ಕೂರಬೇಕು, ಅಂಥ ಮೂರು ರಾತ್ರಿ ಒಂದರ ಹಿಂದೊಂದು. ಮಗುವನ್ನು ನಿಜವಾದ ಪೆಟ್ಟಿಗೆಯಲ್ಲಿ ಕೂರಿಸಿ ಮುಚ್ಚಳ ಹಾಕುವ ಕೆಲಸ ಮಾತ್ರ ಎಂದೂ ಬೇಡ, ಒಂದು ನಿಮಿಷಕ್ಕೂ ಬೇಡ.

ಮುಚ್ಚಳ ತೆಗೆದಾಗ ಹೆನ್ರಿ ಅಲ್ಲಿದ್ದವರಿಗೆ ಮೊದಲು ಆಡಿದ್ದು ‘ಹೇಗಿದ್ದೀರಿ ಮಹನೀಯರೇ’ ಅನ್ನುವ ಅರ್ಥದ ಮಾತು. ಗೊಂಬೆ ಎತ್ತಿದ ಮಗು ಇದನ್ನು ತನ್ನ ಊರ ಮಾತಿನಲ್ಲಿ ಹೇಳಲಿ, ‘ಆರಾಮದೀರೇನ್ರೀ ಎಲ್ಲಾರೂ?’ ಅಂದಾಗ ಇಡೀ ಕೋಣೆ ಹಗುರಾಗುತ್ತದೆ. ಪೆಟ್ಟಿಗೆ ಕಳಿಸಿಕೊಟ್ಟ ಸ್ಯಾಮ್ಯುಯೆಲ್ ಸ್ಮಿತ್ ಅನ್ನುವ ಬಿಳಿಯ ವ್ಯಾಪಾರಿ ಆಮೇಲೆ ಬೇರೆಯವರನ್ನೂ ಹೀಗೇ ಕಳಿಸಲು ಹೋಗಿ ಸಿಕ್ಕಿಬಿದ್ದು ವರ್ಷಗಟ್ಟಲೆ ಜೈಲಿನಲ್ಲಿದ್ದ. ಇದನ್ನು ಬಿಡಬೇಡಿ, ಉಪಾಯ ಪ್ರತಿ ಸಲ ಫಲಿಸಲಿಲ್ಲ ಅಂತ ಮಕ್ಕಳಿಗೆ ಗೊತ್ತಿರಲಿ.

ಎಲೆನ್ ಕ್ರಾಫ್ಟ್ ಕತೆಗೆ ಒಂದು ಕೌದಿ

ಎರಡನೇ ಕತೆ ಗಂಡ ಹೆಂಡತಿಯದು. ಜಾರ್ಜಿಯಾದ ಮೇಕನ್ ಊರಿನಲ್ಲಿ ವಿಲಿಯಂ ಕ್ರಾಫ್ಟ್ ಬಡಗಿ, ಎಲೆನ್ ಹೊಲಿಗೆ ಬಲ್ಲವಳು. ಎಲೆನ್‌ಳ ತಂದೆ ಅವಳ ಮೊದಲ ಯಜಮಾನನೇ, ಆದ್ದರಿಂದ ಅವಳ ಮೈಬಣ್ಣ ಬಿಳಿಯರಂತೆ ಇತ್ತು. 1848ರ ಡಿಸೆಂಬರ್ 21ರಂದು ಅವಳು ಕಾಯಿಲೆಬಿದ್ದ ಬಿಳಿಯ ಯಜಮಾನನ ವೇಷ ಹಾಕಿ, ಗಂಡನನ್ನು ತನ್ನ ಆಳು ಅಂತ ಹೇಳಿಕೊಂಡು, ರೈಲು ಹಡಗು ಹತ್ತಿ, ಕ್ರಿಸ್ಮಸ್ ದಿನ ಫಿಲಡೆಲ್ಫಿಯಾ ಮುಟ್ಟಿದಳು. ‘ಹೆಂಗಸಾಗೇ ಹೋಗಬಹುದಿತ್ತಲ್ರೀ?’ ಅಂತ ಕೇಳುತ್ತಾರೆ. ಆ ಕಾಲದಲ್ಲಿ ಬಿಳಿಯ ಹೆಂಗಸು ಗಂಡಾಳನ್ನು ಜೊತೆಗಿಟ್ಟುಕೊಂಡು ಒಬ್ಬಳೇ ಪ್ರಯಾಣ ಮಾಡುವ ರೂಢಿ ಇರಲಿಲ್ಲ, ಅನುಮಾನ ಬರುತ್ತಿತ್ತು.

ಈ ಕತೆಯನ್ನು ಆರು ವಸ್ತುಗಳಲ್ಲಿ ಹೇಳಿ. ಒಂದೊಂದೂ ಒಂದೊಂದು ಅಡ್ಡಿಗೆ ಉತ್ತರ. ಬೀಗದ ಕಪಾಟು: ವಿಲಿಯಂ ಬಿಡುವಿನಲ್ಲಿ ದುಡಿದು ಮಾಡಿಕೊಟ್ಟದ್ದು, ಒಂದೊಂದಾಗಿ ಕೊಂಡು ತಂದ ಬಟ್ಟೆಯನ್ನು ಎಲೆನ್ ಅದರಲ್ಲೇ ಬಚ್ಚಿಟ್ಟಳು. ಕತ್ತರಿ: ಹೊರಡುವ ಮುಂಚೆ ವಿಲಿಯಂ ಅವಳ ಕೂದಲು ಕತ್ತರಿಸಿದ. ಪ್ಯಾಂಟು: ಅದನ್ನು ಅವಳೇ ಹೊಲಿದುಕೊಂಡಳು. ಹಸಿರು ಕನ್ನಡಕ: ಗಂಡಸರ ನಡುವೆ ಕೂತಾಗ ಕಣ್ಣು ಮರೆಮಾಡಲು. ಕೊರಳಿಗೆ ಕಟ್ಟಿದ ಬಲಗೈ: ಗುಲಾಮರಾಗಿ ಇಟ್ಟವರಿಗೆ ಓದು ಬರಹ ಕಲಿಸುವುದು ಜಾರ್ಜಿಯಾದಲ್ಲಿ ಕಾನೂನಿಗೆ ವಿರುದ್ಧ, ಸಹಿ ಮಾಡಲು ಬಾರದ್ದನ್ನು ‘ಕೈನೋವು’ ಮುಚ್ಚಿತು. ಕೊನೆಯದು ಗಂಟೆ: ಬಾಲ್ಟಿಮೋರಿನಲ್ಲಿ ಅಧಿಕಾರಿ ತಡೆದು ಆಳಿನ ಮೇಲಿನ ಹಕ್ಕಿಗೆ ಪುರಾವೆ ಕೇಳುತ್ತಿದ್ದಾಗ ರೈಲು ಬಿಡುವ ಗಂಟೆ ಹೊಡೆಯಿತು, ಅವನು ಬಿಟ್ಟುಬಿಟ್ಟ. ಕೈಕೆಲಸಕ್ಕೆ ಸೇರದ್ದು ಈ ಒಂದೇ, ಅದೃಷ್ಟ. ಇದನ್ನೂ ಮರೆಮಾಚದೆ ಹೇಳಿ.

ಕಟ್ಟಿದ ಕೈಯ ಉಪಾಯ ಒಮ್ಮೆ ಸೋತದ್ದೂ ಉಂಟು. ಚಾರ್ಲ್ಸ್‌ಟನ್ನಿನಲ್ಲಿ ಟಿಕೆಟಿನವನು ಕೈನೋವಿನ ಮಾತಿಗೆ ಜಗ್ಗಲಿಲ್ಲ. ದಾರಿಯಲ್ಲಿ ಪರಿಚಯವಾಗಿದ್ದ ಒಬ್ಬ ಸೈನ್ಯದ ಅಧಿಕಾರಿ ‘ಇವರು ನನಗೆ ಗೊತ್ತು’ ಅಂದಮೇಲೆ ಕೆಲಸ ಆಯಿತು. ಹೇಳುವಾಗ ಇಲ್ಲಿ ಒಂದು ಗುಟುಕು ನೀರು ಕುಡಿಯಿರಿ, ಮಕ್ಕಳು ಕಾಯಲಿ.

ಆರು ವಸ್ತುಗಳಿಗೆ ಆರು ಚೌಕ, ಒಂದೊಂದು ಒಂದು ಗೇಣು. ಗೇಣು ಅಂದರೆ 9 ಇಂಚು, ಆದರೆ ಮಕ್ಕಳ ಗೇಣು ಆರೇಳು ಇಂಚು, ಸ್ಕೇಲಿನಿಂದಲೇ ಅಳೆಯಿರಿ. ಹೊಲಿಗೆಗೆ ಸುತ್ತ ಅರ್ಧ ಇಂಚು ಬಿಟ್ಟು 10×10 ಕತ್ತರಿಸಿ. ಮೇಲೆ ಮೂರು, ಕೆಳಗೆ ಮೂರು ಜೋಡಿಸಿದರೆ 27×18. ಸುತ್ತ ಮೂರು ಇಂಚಿನ ಅಂಚು ಸೇರಿ 33×24. ಅಡಿಗೆ ಹಳೇ ನೂಲಿನ ಸೀರೆ ಎರಡು ಪದರ, 35×26, ಮಿಕ್ಕಿದ್ದನ್ನು ಮಡಚಿ ಹೊಲಿಯಲು. ಟೆರಿಲಿನ್, ಸಿಂಥೆಟಿಕ್ ಸೀರೆ ಬೇಡ. ಸೂಜಿಯ ಕೆಳಗೆ ಜಾರುತ್ತದೆ. ಹೊಸ ಬಟ್ಟೆ ಹಾಕುವುದಾದರೆ ಮೊದಲು ಒಗೆದು ಒಣಗಿಸಿ, ಇಲ್ಲದಿದ್ದರೆ ಒಂದು ಚೌಕ ಕುಗ್ಗಿ ಇಡೀ ಕೌದಿ ಸೊಟ್ಟಗಾಗುತ್ತದೆ.

ಚಿತ್ರವನ್ನು ಮೊದಲು ಪೇಪರಿನಲ್ಲಿ ಕತ್ತರಿಸಿ, ಬಟ್ಟೆಯ ಮೇಲೆ ಇಟ್ಟು ಗೆರೆ ಎಳೆದು, ಬಟ್ಟೆಯ ತುಂಡನ್ನು ಚೌಕಕ್ಕೆ ಹೊಲಿಯಿರಿ. ಮನುಷ್ಯರ ಮುಖ ಬೇಡ. ಮಕ್ಕಳ ಕೈಗೆ ಮುಖ ಬರುವುದಿಲ್ಲ, ಬಂದದ್ದು ಅಣಕದಂತೆ ಕಾಣುತ್ತದೆ. ಎಲ್ಲ ಜೋಡಿಸಿದ ಮೇಲೆ ಪದರಗಳನ್ನು ನೆಲಕ್ಕೆ ಹಾಸಿ, ಮೂಲೆಗೆ ಕಲ್ಲಿಟ್ಟು, ಕೈಯಿಂದ ಸವರಿ, ಮೂಲೆಯಿಂದ ಮೂಲೆಗೆ ಉದ್ದುದ್ದ ಕಚ್ಚಾ ಟಾಕಿ ಹಾಕಿ. ಇದನ್ನು ಬಿಟ್ಟವರ ಕೌದಿಯ ನಡುವೆ ಗುಳ್ಳೆ ಏಳುತ್ತದೆ, ಬಿಚ್ಚದೆ ಸರಿಯಾಗುವುದಿಲ್ಲ. ಆಮೇಲೆ ಎರಡೆಳೆ ದಾರದಲ್ಲಿ, ಅಕ್ಕಿಕಾಳಿನಷ್ಟು ಉದ್ದದ ಸಾದಾ ಹೊಲಿಗೆಯನ್ನು ಅಂಚಿನಿಂದ ಸುತ್ತುತ್ತ ನಡುವಿಗೆ ಬನ್ನಿ. ದಾರ ಮೊಳದುದ್ದ ಸಾಕು, ಉದ್ದ ಮಾಡಿದರೆ ಸಿಕ್ಕಾಗುತ್ತದೆ. ಮಕ್ಕಳಿಗೆ ಹತ್ತು ಸೂಜಿ ಕೊಟ್ಟರೆ ಹತ್ತೂ ಎಣಿಸಿ ವಾಪಸ್ ತೆಗೆದುಕೊಳ್ಳಿ. ಅದೇ ಜಮಖಾನದ ಮೇಲೆ ಮರುದಿನ ನಲಿಕಲಿ ಮಕ್ಕಳು ಕೂರುತ್ತಾರೆ. ವಾರಕ್ಕೆ ಒಂದು ತಾಸಿನಂತೆ ಆರು ವಾರ ಹಿಡಿಯುತ್ತದೆ. ಕೌದಿ ಹೊಲಿಯುವ ಅಜ್ಜಿ ಊರಿಗೊಬ್ಬರಾದರೂ ಇರುತ್ತಾರೆ, ಅವರನ್ನು ಕರೆಯಿರಿ. ಈ ಬರಹದಲ್ಲಿ ಹೊಲಿಗೆ ಕಲಿಯುವುದಕ್ಕಿಂತ ಅವರ ಪಕ್ಕ ಹತ್ತು ನಿಮಿಷ ಕೂರುವುದು ಮೇಲು.

ಹೊಲಿಯುವಾಗ ಹೇಳಲು ನಮ್ಮದೇ ರಾಜ್ಯದ ಮಾತೂ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿಯರ ಹಿರಿಯರಲ್ಲಿ ಅನೇಕರನ್ನು ಆಫ್ರಿಕಾದಿಂದ ಗೋವೆಗೆ ಪೋರ್ಚುಗೀಸರು ಗುಲಾಮರಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಆ ಹೆಂಗಸರ ಕೌದಿ ಇವತ್ತಿಗೂ ಹೆಸರುವಾಸಿ. ಮೂಲೆಗಳಿಗೆ ಹೂವಿನ ತುಂಡು ಕೂರಿಸದೆ ಅವರು ಕೌದಿ ಮುಗಿಯಿತು ಅನ್ನುವುದಿಲ್ಲ. ನಿಮ್ಮ ಕೌದಿಗೂ ನಾಲ್ಕು ಹೂವು ಕೂರಿಸಿ.

ಇನ್ನೆರಡು ಚಿಕ್ಕ ಕತೆ

ಮುಂದೆ ಗುಲಾಮಗಿರಿಯ ವಿರುದ್ಧ ದೊಡ್ಡ ಹೋರಾಟಗಾರನಾದ ಫ್ರೆಡರಿಕ್ ಡಗ್ಲಸ್ ಹುಡುಗನಾಗಿದ್ದಾಗ ಬಾಲ್ಟಿಮೋರಿನ ಹಡಗುಕಟ್ಟೆಯಲ್ಲಿ ಬರೆಯಲು ಕಲಿತ. ಮರದ ದಿಮ್ಮಿ ಹಡಗಿನ ಯಾವ ಬದಿಗೆ ಅನ್ನುವುದಕ್ಕೆ ಬಡಗಿಗಳು ಒಂದೊಂದು ಅಕ್ಷರ ಗುರುತು ಹಾಕುತ್ತಿದ್ದರು. ಅವನ್ನೇ ನೋಡಿ ತಿದ್ದಿದ. 1838ರ ಸೆಪ್ಟೆಂಬರ್ 3ರಂದು ನಾವಿಕನ ಉಡುಪು ತೊಟ್ಟು, ಸ್ವತಂತ್ರನಾಗಿದ್ದ ಬೇರೆ ನಾವಿಕನ ಗುರುತಿನ ಕಾಗದ ಹಿಡಿದು ಪಾರಾದ. ಇದಕ್ಕೆ ಚಾಕ್‌ಪೀಸು, ನಾಲ್ಕು ಕಟ್ಟಿಗೆ ತುಂಡು ಸಾಕು: ‘ಎ’ ಅಂದರೆ ಎಡ, ‘ಬ’ ಅಂದರೆ ಬಲ, ‘ಮು’ ಅಂದರೆ ಮುಂದೆ. ಗುರುತು ನೋಡಿ ತುಂಡು ಜೋಡಿಸಲಿ.

ಮುಂದಿನ ಕತೆಯ ಹೊತ್ತಿಗೆ ಗುಲಾಮಗಿರಿ ಬಿಡದ ದಕ್ಷಿಣದ ರಾಜ್ಯಗಳಿಗೂ ಉತ್ತರದ ರಾಜ್ಯಗಳಿಗೂ ಅಮೆರಿಕದಲ್ಲಿ ಯುದ್ಧ ನಡೆದಿತ್ತು. ದಕ್ಷಿಣದವರ ಹಡಗಿನಲ್ಲಿ ದುಡಿಯುತ್ತಿದ್ದ ರಾಬರ್ಟ್ ಸ್ಮಾಲ್ಸ್ 1862ರ ಮೇ 13ರ ನಸುಕಿನಲ್ಲಿ ಚಾರ್ಲ್ಸ್‌ಟನ್ ಬಂದರಿನಿಂದ ‘ಪ್ಲಾಂಟರ್’ ಅನ್ನುವ ಹಡಗನ್ನೇ ನಡೆಸಿಕೊಂಡು ಹೋದ. ಹೆಂಡತಿ ಮಕ್ಕಳೂ ಅದರಲ್ಲೇ. ಕಪ್ತಾನನ ಹುಲ್ಲಿನ ಟೊಪ್ಪಿಗೆ ಹಾಕಿ, ಅವನಂತೆಯೇ ನಿಂತು, ಕೋಟೆ ಬಂದಾಗ ಸರಿಯಾದ ಸೀಟಿ ಹೊಡೆದ. ಬಂದರಿನಾಚೆ ಉತ್ತರದವರ ಹಡಗು ಕಂಡಾಗ, ಗುಂಡು ಹಾರಿಸದಿರಲಿ ಅಂತ ಬಿಳಿ ದುಪ್ಪಡಿ ಏರಿಸಿದ. ಹರಿಗೋಲು ಮಾತ್ರ ಕಂಡ ಆನೆಗೊಂದಿ ಕಡೆಯ ಮಕ್ಕಳಿಗೆ ಹಡಗಿನ ಚಿತ್ರ ಮೊದಲೇ ತೋರಿಸಿ, ಇಲ್ಲದಿದ್ದರೆ ‘ಹೊಗಿ ಎಲ್ಲಿಂದ ಬರತೈತಿ’ ಅನ್ನುವಲ್ಲೇ ಸಿಕ್ಕಿಕೊಳ್ಳುತ್ತಾರೆ.

ನೆಟ್ಟಿನಲ್ಲಿ ಸಿಗುವ ಸುಳ್ಳು

ಕೌದಿಯ ಚಿತ್ರಗಳಲ್ಲಿ ಓಡಿಹೋಗುವ ದಾರಿಯ ಗುಪ್ತ ಸಂಕೇತ ಇರುತ್ತಿತ್ತು ಅನ್ನುವ ಕತೆ ಬಹಳ ಹರಿದಾಡುತ್ತದೆ. ಕೇಳಲು ಚಂದ, ಆದರೆ ಆ ಕಾಲದ ಪುರಾವೆ ಇಲ್ಲ ಅಂತ ಇತಿಹಾಸಕಾರರು ಹೇಳುತ್ತಾರೆ. ನಿಮ್ಮ ಕೌದಿ ಕತೆ ಹೇಳುವ ಕೌದಿ, ಸಂಕೇತದ್ದಲ್ಲ. ಕತೆ ಹೇಳುವ ಕೌದಿಗೆ ನಿಜವಾದ ಹಿರಿಯಳಿದ್ದಾಳೆ: ಗುಲಾಮಗಿರಿಯಲ್ಲಿ ಹುಟ್ಟಿದ ಜಾರ್ಜಿಯಾದ ಹ್ಯಾರಿಯೆಟ್ ಪವರ್ಸ್ 1880ರ ದಶಕದಲ್ಲಿ ಬೈಬಲ್ ಕತೆಗಳನ್ನು 11 ಚೌಕಗಳಲ್ಲಿ ಹೊಲಿದಳು. ತಾನು ಪಾರಾದ ಮೇಲೆ ಮತ್ತೆ ಮತ್ತೆ ಹಿಂದಿರುಗಿ ಬೇರೆಯವರನ್ನು ಕರೆತಂದ ಹ್ಯಾರಿಯೆಟ್ ಟಬ್‌ಮನ್ 300 ಜನರನ್ನು ಬಿಡಿಸಿದಳು ಅನ್ನುವುದೂ ಉಬ್ಬಿಸಿದ ಲೆಕ್ಕ. ಈಗಿನ ಸಂಶೋಧಕರ ಪ್ರಕಾರ ಸುಮಾರು 13 ಸಲ ಹೋಗಿ 70 ಜನರನ್ನು ಕರೆತಂದಳು. ಒಬ್ಬರನ್ನು ಕರೆತರುವುದೇ ಎಷ್ಟು ಕಷ್ಟ ಅಂತ ಪೆಟ್ಟಿಗೆಯಲ್ಲಿ ಕಂಡ ಮಕ್ಕಳಿಗೆ 70 ಸಣ್ಣದೆನಿಸುವುದಿಲ್ಲ.

ಮಕ್ಕಳೇ ಕತೆ ಕಟ್ಟುವಾಗ

ಎರಡು ಕತೆ ಆದಮೇಲೆ ಮಕ್ಕಳಿಂದ ಬರೆಸಿ. ಪಾತ್ರಕ್ಕೆ ಒಂದು ಕಸುಬು ಕೊಡಿಸಿ: ನೇಯುವವಳು, ಚಪ್ಪಲಿ ಹೊಲಿಯುವವನು, ಕಂಬಾರ, ಬುಟ್ಟಿ ಹೆಣೆಯುವವಳು. ಆ ಕಸುಬಿನ ಒಂದೇ ಆಯುಧ, ಮೂರು ಅಡ್ಡಿ. ಒಂದು ಅಡ್ಡಿಯಲ್ಲಿ ಆಯುಧ ಸೋಲಬೇಕು. ಮಂತ್ರ ಬೇಡ, ದೇವರು ಪ್ರತ್ಯಕ್ಷವಾಗುವುದು ಬೇಡ, ಕೊನೆಗೆ ಯಜಮಾನನ ಮನಸ್ಸು ಕರಗುವುದಂತೂ ಬೇಡವೇ ಬೇಡ. ಸಿನಿಮಾ ನೋಡಿದ ಮಕ್ಕಳು ಹತ್ತರಲ್ಲಿ ಏಳು ಸಲ ಅಲ್ಲಿಗೇ ಹೋಗುತ್ತಾರೆ. ‘ಬುಟ್ಟಿ ಹೆಣೆಯಲು ಎಷ್ಟು ಹೊತ್ತು? ಬಿದಿರು ಎಲ್ಲಿ ಸಿಕ್ಕಿತು?’ ಅಂತ ಕೇಳಿ ಕತೆಯನ್ನು ನೆಲಕ್ಕೆ ಇಳಿಸಿ. ಅಳತೆ ಬಂದ ಕೂಡಲೇ ಕತೆಗೆ ಜೀವ ಬರುತ್ತದೆ. ನಿಮ್ಮ ಊರು, ಕೇರಿ, ಜಾತಿ, ನಿಜವಾದ ಮನೆತನದ ಹೆಸರು ಬರೆಸಬೇಡಿ.

ಒಂದು ಮಗು ‘ನಮ್ಮಪ್ಪನೂ ಹಂಗ’ ಅಂದರೆ

ಅನ್ನುತ್ತದೆ. ಗುಳೆ ಹೋಗುವ ಮನೆಗಳ ಮಕ್ಕಳಿರುವ ಕೋಣೆಯಲ್ಲಿ ಇದಕ್ಕೆ ತಯಾರಾಗಿಯೇ ಕತೆ ಹೇಳಬೇಕು. ಎಲ್ಲರೆದುರು ಕೆದಕಬೇಡಿ, ‘ಹಂಗೆಲ್ಲ ಅನ್ನಬಾರದು’ ಅಂತ ಬಾಯಿ ಮುಚ್ಚಿಸಲೂಬೇಡಿ. ‘ಆಮೇಲೆ ಮಾತಾಡೋಣು’ ಅಂದು ಕತೆ ಮುಂದುವರಿಸಿ, ಅವತ್ತೇ ಮಾತಾಡಿ. ಗುಳೆ ಹೋದದ್ದೆಲ್ಲ ಜೀತ ಅಲ್ಲ. ಮುಂಗಡ ತೀರುವವರೆಗೆ ಬಿಟ್ಟು ಹೋಗುವಂತಿಲ್ಲ, ಬೇರೆ ಕಡೆ ದುಡಿಯುವಂತಿಲ್ಲ, ಕೂಲಿ ಕೊಡುವುದಿಲ್ಲ, ಇವುಗಳಲ್ಲಿ ಒಂದಿದ್ದರೂ ಅದು ಜೀತ. 1975ರ ಅಕ್ಟೋಬರ್ 25ರ ಸುಗ್ರೀವಾಜ್ಞೆ, ಆಮೇಲೆ 1976ರ ಜೀತ ಪದ್ಧತಿ ರದ್ದು ಕಾಯ್ದೆ ಪ್ರಕಾರ ಅಂಥ ಸಾಲ ತೀರಿಸಬೇಕಾಗಿಯೇ ಇಲ್ಲ. ದುಡಿಯುತ್ತಿರುವುದು ಮಗುವೇ ಆದರೆ 1098ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಎತ್ತುತ್ತಾರೆ. ದೊಡ್ಡವರದ್ದಾದರೆ ತಹಶೀಲ್ದಾರ್ ಅಥವಾ ಜಿಲ್ಲಾಧಿಕಾರಿ ಕಚೇರಿಗೆ ಬರೆದ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ವಿಚಾರಣೆ ಆದಮೇಲೆ ಬಿಡುಗಡೆ ಪತ್ರ ಕೈಗೆ ಬಂತೇ ಅಂತ ಕೇಳುತ್ತಿರಿ. ಪುನರ್ವಸತಿಯ ಹಣಕ್ಕೆಲ್ಲ ಅದೇ ಬುಡ. ಮಗುವಿಗೆ ಗೊತ್ತಿದ್ದಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ಊರು, ಇಟ್ಟಂಗಿ ಭಟ್ಟಿಯೋ ತೋಟವೋ, ಯಾವ ಹಬ್ಬದ ಹೊತ್ತಿಗೆ ಹೋದರು, ಕರೆದೊಯ್ದ ಮೇಸ್ತ್ರಿ ಯಾರು, ಮುಂಗಡ ಎಷ್ಟು ಅಂತ ಮನೆಯಲ್ಲಿ ಮಾತಾಡಿದ್ದು ಕೇಳಿದ್ದಾರೆಯೇ. ಚೀಟಿ ನಿಮ್ಮ ಹತ್ತಿರವೇ ಇರಲಿ, ಹಾಜರಿ ಪುಸ್ತಕದಲ್ಲಿ ಇಡಬೇಡಿ.